ಸಂದರ್ಭಾನುಸಾರಿ ಸಂರಚನೆ (ಸಾಫ್ಟ್‌ವೇರ್)

ಸಾಫ್ಟ್‌ವೇರ್ ಓಡುತ್ತಿರುವ ಯಂತ್ರ, ಜಾಲ, ಬಳಕೆದಾರ, ಹೊತ್ತು, ಕೆಲಸದ ಹೊರೆ ಇವನ್ನೆಲ್ಲ ನೋಡಿಕೊಂಡು ಅದರ ಸೆಟ್ಟಿಂಗ್‌ಗಳ ಮೌಲ್ಯವನ್ನು ಆಯಾ ಸಂದರ್ಭದಲ್ಲೇ ನಿರ್ಧರಿಸುವ ವಿಧಾನ. ಡೇಟಾಬೇಸಿಗೆ ಎಷ್ಟು ಮೆಮೊರಿ ಕೊಡಬೇಕು, ಉತ್ತರಕ್ಕಾಗಿ ಎಷ್ಟು ಸೆಕೆಂಡು ಕಾಯಬೇಕು, ಹೊಸ ಸೌಲಭ್ಯ ಯಾರಿಗೆ ಕಾಣಬೇಕು, ಪರದೆಯ ಮೇಲೆ ಯಾವ ಭಾಷೆ ಬರಬೇಕು ಎಂಬಂಥ ವಿಷಯಗಳನ್ನು ಪ್ರೋಗ್ರಾಂ ಬರೆಯುವಾಗಲೇ ಗಟ್ಟಿ ಮಾಡಿಬಿಡಬಹುದು. ಅಥವಾ ಒಂದು ಫೈಲಿನಲ್ಲಿ ಬರೆದಿಟ್ಟು ನಿರ್ವಾಹಕರ ಕೈಗೆ ಕೊಡಬಹುದು. ಇಲ್ಲವೇ ಪ್ರೋಗ್ರಾಂ ತಾನೇ ಸುತ್ತಮುತ್ತ ನೋಡಿ ತೀರ್ಮಾನಿಸುವಂತೆ ಮಾಡಬಹುದು. ಈ ಮೂರನೆಯದೇ ಇಲ್ಲಿನ ವಿಷಯ.

ಷರತ್ತು ಬರೆಯುವುದರಲ್ಲಿ ಕಷ್ಟವೇನಿಲ್ಲ. ಮೆಮೊರಿ ಇಷ್ಟಕ್ಕಿಂತ ಹೆಚ್ಚಿದ್ದರೆ ಈ ಮೌಲ್ಯ, ಇಲ್ಲದಿದ್ದರೆ ಆ ಮೌಲ್ಯ ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ತೊಡಕು ಇರುವುದು ಆ ಸಾಲಿನ ಹೊರಗೆ. ಷರತ್ತನ್ನು ಪರೀಕ್ಷಿಸಿದ್ದು ಯಾವಾಗ, ಪರೀಕ್ಷೆಗೆ ಉತ್ತರವೇ ಸಿಗದಿದ್ದರೆ ಏನು ಗತಿ, ಈಗ ಚಾಲ್ತಿಯಲ್ಲಿರುವ ಮೌಲ್ಯ ಎಲ್ಲಿಂದ ಬಂತೆಂದು ಆಮೇಲೆ ಯಾರಾದರೂ ಹೇಳಬಲ್ಲರೇ ಎಂಬ ಪ್ರಶ್ನೆಗಳಿಗೆ ವಿನ್ಯಾಸದಲ್ಲೇ ಉತ್ತರ ಇರಬೇಕಾಗುತ್ತದೆ. ಈ ಕ್ಷೇತ್ರದಲ್ಲಿ ಹೆಸರಾದ ಅನಾಹುತಗಳನ್ನು ಬಿಡಿಸಿ ನೋಡಿದರೆ, ಷರತ್ತು ತಪ್ಪಾಗಿದ್ದಕ್ಕಿಂತ ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದುದೇ ಹೆಚ್ಚಾಗಿ ಕಾರಣವಾಗಿದೆ.

ನಿರ್ಧಾರದ ಹೊತ್ತು

ಒಂದು ಮೌಲ್ಯ ಸ್ಥಿರವಾಗುವ ಹೊತ್ತನ್ನು ಸ್ಥೂಲವಾಗಿ ಮೂರು ಘಟ್ಟಗಳಲ್ಲಿ ಗುರುತಿಸುತ್ತಾರೆ. ಮೊದಲನೆಯದು ಪ್ರೋಗ್ರಾಮನ್ನು ಕಂಪೈಲ್ ಮಾಡುವ ಹೊತ್ತು. ಡೇವಿಡ್ ಮೆಕೆಂಜಿ 1991ರಲ್ಲಿ ಆರಂಭಿಸಿದ ಆಟೋಕಾನ್ಫ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ತಯಾರಿಸುವ ಸ್ಕ್ರಿಪ್ಟು ಯಂತ್ರದಲ್ಲಿ ಯಾವ ಲೈಬ್ರರಿಗಳಿವೆ, ಯಾವ ಫಂಕ್ಷನ್‌ಗಳಿವೆ ಎಂದು ಒಂದೊಂದಾಗಿ ತಡಕಿ ನೋಡಿ, ಸಿಕ್ಕ ಉತ್ತರಗಳನ್ನು ಕೋಡಿನೊಳಗೆ ಸೇರಿಸುತ್ತದೆ. ಎರಡನೆಯದು ಪ್ರೋಗ್ರಾಂ ಶುರುವಾಗುವ ಹೊತ್ತು. ಲಿನಕ್ಸ್ ಕರ್ನಲ್ ಬೂಟ್ ಆಗುವಾಗ ಪ್ರೊಸೆಸರಿನ ಸಾಮರ್ಥ್ಯಗಳನ್ನು ಓದಿಕೊಂಡು ತನ್ನದೇ ಯಂತ್ರಸೂಚನೆಗಳಲ್ಲಿ ಕೆಲವನ್ನು ಸ್ಥಳದಲ್ಲೇ ತಿದ್ದಿಕೊಳ್ಳುತ್ತದೆ. ಇರುವ ಮೆಮೊರಿಗೆ ತಕ್ಕಂತೆ ಒಳಗಿನ ಕೋಷ್ಟಕಗಳ ಗಾತ್ರವನ್ನೂ ಆಗಲೇ ಗೊತ್ತುಮಾಡುತ್ತದೆ. ಮೂರನೆಯದು ಪ್ರೋಗ್ರಾಂ ಓಡುತ್ತಿರುವಾಗಲೇ, ನಿಲ್ಲಿಸದೆ, ಮೌಲ್ಯ ಬದಲಿಸುವುದು.

ಒಂದೇ ಸಾಫ್ಟ್‌ವೇರಿನಲ್ಲಿ ಈ ಎಲ್ಲ ಬಗೆಗಳೂ ಕೂಡಿಕೊಂಡಿರುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಅದರ ಪ್ರತಿ ಸೆಟ್ಟಿಂಗಿಗೂ ಒಂದು ವರ್ಗವಿದೆ. ಏಕಕಾಲದ ಸಂಪರ್ಕಗಳ ಗರಿಷ್ಠ ಸಂಖ್ಯೆಯಾಗಲಿ, ಹಂಚಿಕೆಯ ಬಫರಿನ ಗಾತ್ರವಾಗಲಿ ಬದಲಾಗಬೇಕಿದ್ದರೆ ಸರ್ವರನ್ನು ರೀಸ್ಟಾರ್ಟ್ ಮಾಡಲೇಬೇಕು. ಲಾಗ್‌ಗೆ ಸಂಬಂಧಿಸಿದ ಹಲವಕ್ಕೆ ರೀಲೋಡ್ ಸಾಕು. ವಿಂಗಡಣೆಯಂಥ ಕೆಲಸಕ್ಕೆ ಬೇಕಾದ ಮೆಮೊರಿಯನ್ನು ಬಳಕೆದಾರರೇ ತಮ್ಮ ಸೆಷನ್ನಿನ ಮಟ್ಟಿಗೆ ಬದಲಿಸಿಕೊಳ್ಳಬಹುದು. 2014ರ ಕೊನೆಯಲ್ಲಿ ಬಂದ 9.4ನೇ ಆವೃತ್ತಿಯಿಂದ ಸರ್ವರ್ ಮಟ್ಟದ ಸೆಟ್ಟಿಂಗುಗಳನ್ನೂ ಎಸ್‌ಕ್ಯೂಎಲ್ ಆದೇಶದಿಂದಲೇ ಬರೆದಿಡುವುದು ಸಾಧ್ಯವಾಯಿತು.

ರೀಲೋಡ್ ಮಾಡುವ ಹಳೆಯ ಯುನಿಕ್ಸ್ ಪದ್ಧತಿಗೆ ಒಂದು ತಮಾಷೆಯ ಹಿನ್ನೆಲೆ ಇದೆ. ಟರ್ಮಿನಲ್ಲಿನ ಫೋನ್ ಸಂಪರ್ಕ ಕಡಿದುಹೋಯಿತೆಂದು ಪ್ರೋಗ್ರಾಮಿಗೆ ತಿಳಿಸಲು ಸಿಗ್‌ಹಪ್ ಎಂಬ ಸಿಗ್ನಲ್ ಇತ್ತು. ಹಿನ್ನೆಲೆಯಲ್ಲಿ ಓಡುವ ಸೇವೆಗಳಿಗೆ ಟರ್ಮಿನಲ್ಲೇ ಇರುವುದಿಲ್ಲವಾದ್ದರಿಂದ ಆ ಸಿಗ್ನಲ್ ಅವುಗಳ ಪಾಲಿಗೆ ನಿರುಪಯೋಗಿ. ಹಾಗಾಗಿ "ಸೆಟ್ಟಿಂಗ್ ಫೈಲನ್ನು ಮತ್ತೊಮ್ಮೆ ಓದಿಕೋ" ಎಂದು ಹೇಳುವ ಕೆಲಸಕ್ಕೆ ಅದನ್ನೇ ಹಚ್ಚಿದರು. ಇವತ್ತಿಗೂ ಅದೇ ನಡೆಯುತ್ತಿದೆ.

ಹಿನ್ನೆಲೆ

ಒಂದೇ ಪ್ರೋಗ್ರಾಂ ಬೇರೆ ಬೇರೆ ಯಂತ್ರಗಳ ಮೇಲೆ ಓಡಬೇಕಾಗಿ ಬಂದಾಗಲೇ ಈ ಅಗತ್ಯ ತಲೆದೋರಿತು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1978ರಲ್ಲಿ ಟರ್ಮ್‌ಕ್ಯಾಪ್ ಬರೆದದ್ದು ಇದೇ ಕಾರಣಕ್ಕೆ: ಒಂದೊಂದು ಕಂಪನಿಯ ಟರ್ಮಿನಲ್ಲಿಗೆ ಒಂದೊಂದು ಸಂಕೇತಭಾಷೆ, ಎಡಿಟರಿಗೆ ಅವೆಲ್ಲ ಗೊತ್ತಿರಬೇಕು. ಟರ್ಮಿನಲ್ಲಿನ ಹೆಸರು ಹೇಳಿದರೆ ಉಳಿದದ್ದನ್ನು ಪಟ್ಟಿಯಿಂದ ಓದಿಕೊಳ್ಳುವ ವ್ಯವಸ್ಥೆ ಅದು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಬಂದವು. ಹೆಸರು, ಸಮಚಿಹ್ನೆ, ಮೌಲ್ಯ, ಇಷ್ಟೇ ಅದರ ರಚನೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಎಬ್ಬಿಸಿದಾಗ ಈ ಜೋಡಿಗಳೆಲ್ಲ ತಾವಾಗಿ ಕೆಳಗಿಳಿದು ಬರುತ್ತವೆ. ಇಷ್ಟು ಸರಳವಾದದ್ದು ನಾಲ್ಕು ದಶಕ ದಾಟಿಯೂ ಬದಲಾಗದೆ ಉಳಿದಿರುವುದು ಆಶ್ಚರ್ಯವೇ. ಹೆರೋಕು ಕಂಪನಿಯ ಆಡಂ ವಿಗ್ಗಿನ್ಸ್ 2011ರಲ್ಲಿ ಪ್ರಕಟಿಸಿದ "ಟ್ವೆಲ್ವ್ ಫ್ಯಾಕ್ಟರ್ ಆ್ಯಪ್" ಎಂಬ ಸೂತ್ರಾವಳಿಯು, ಜಾಗದಿಂದ ಜಾಗಕ್ಕೆ ಬದಲಾಗುವ ಸೆಟ್ಟಿಂಗುಗಳನ್ನು ಎನ್ವಿರಾನ್‌ಮೆಂಟಿನಲ್ಲೇ ಇಡಬೇಕೆಂದು ವಿಧಿಸಿದ ಮೇಲಂತೂ ಕ್ಲೌಡ್ ಲೋಕದಲ್ಲಿ ಅದಕ್ಕೆ ಎರಡನೇ ಯೌವನ ಬಂತು.

ಪಿಸಿಗಳ ಕಥೆ ಬೇರೆ. 640 ಕಿಲೋಬೈಟಿನ ಮಿತಿಯೊಳಗೆ ಆಟಕ್ಕೆ ಬೇಕಾದಷ್ಟು ಜಾಗ ಉಳಿಸಬೇಕು, ಸಿಡಿ ಬೇಕಾದಾಗ ಅದರ ಡ್ರೈವರೂ ಬೇಕು. 1993ರ ಎಂಎಸ್-ಡಾಸ್ 6ರಲ್ಲಿ ಕಾನ್ಫಿಗ್ ಡಾಟ್ ಸಿಸ್ ಫೈಲಿನೊಳಗೆ ಮೆನು ಬರೆಯುವ ಅವಕಾಶ ಕೊಟ್ಟರು. ಬೂಟ್ ಆಗುವಾಗ ಬಳಕೆದಾರ ಒಂದನ್ನು ಆರಿಸಿದರೆ ಆ ಗುಂಪಿನ ಸಾಲುಗಳು ಮಾತ್ರ ಜಾರಿಗೆ ಬರುತ್ತಿದ್ದವು. ಷರತ್ತನ್ನು ಪರೀಕ್ಷಿಸುವವನು ಇಲ್ಲಿ ಮನುಷ್ಯನೇ.

1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2 ತಂದ ಪ್ರಾಕ್ಸಿ ಆಟೋ ಕಾನ್ಫಿಗ್ ಈ ಇತಿಹಾಸದಲ್ಲಿ ಸಿಗಬೇಕಾದಷ್ಟು ಗಮನ ಸಿಗದ ತಿರುವು. ಯಾವ ಪ್ರಾಕ್ಸಿಯ (ಮಧ್ಯವರ್ತಿ ಸರ್ವರಿನ) ಮೂಲಕ ಹೋಗಬೇಕು ಎಂಬ ಸೆಟ್ಟಿಂಗಿಗೆ ಅದು ಮೌಲ್ಯದ ಬದಲು ಒಂದು ಜಾವಾಸ್ಕ್ರಿಪ್ಟ್ ಫಂಕ್ಷನ್ನನ್ನೇ ಕೇಳಿತು. ಬ್ರೌಸರು ಪ್ರತಿ ವಿಳಾಸಕ್ಕೂ ಆ ಫಂಕ್ಷನ್ನನ್ನು ಕರೆದು, ಈ ಆತಿಥೇಯಕ್ಕೆ ನೇರ ಹೋಗಲೇ ಪ್ರಾಕ್ಸಿ ಬೇಕೇ ಎಂದು ವಿಚಾರಿಸುತ್ತದೆ. ಕಚೇರಿ ಜಾಲಗಳಲ್ಲಿ ಇದು ಇನ್ನೂ ಬಳಕೆಯಲ್ಲಿದೆ. ಸೆಟ್ಟಿಂಗ್ ಎಂದರೆ ಒಂದು ಸಂಖ್ಯೆ ಅಥವಾ ಹೆಸರು ಎಂಬ ಕಲ್ಪನೆ ಅಲ್ಲಿಗೆ ಸಡಿಲವಾಯಿತು.

ಯಾವುದಕ್ಕೆ ಮೇಲುಗೈ

ಮೌಲ್ಯ ಹಲವು ಕಡೆಯಿಂದ ಬರುವಾಗ ಆದ್ಯತಾ ಕ್ರಮ ಬೇಕು. ರೂಢಿಯ ಏಣಿ ಹೀಗಿದೆ: ತಳದಲ್ಲಿ ಪ್ರೋಗ್ರಾಮಿನ ಡಿಫಾಲ್ಟ್, ಅದರ ಮೇಲೆ ಇಡೀ ಯಂತ್ರದ ಫೈಲು, ಅದರ ಮೇಲೆ ಬಳಕೆದಾರರ ಸ್ವಂತ ಫೈಲು, ಆಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್, ತುದಿಯಲ್ಲಿ ಕಮಾಂಡ್ ಲೈನ್. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಈ ಏಣಿಗೆ ಒಂದು ಡಜನ್‌ಗೂ ಹೆಚ್ಚು ಮೆಟ್ಟಿಲುಗಳಿವೆ. ಫೈಲಿನಲ್ಲಿ ಸರಿಯಾದ ಮೌಲ್ಯ ಬರೆದು, ಎಲ್ಲೋ ಮರೆತುಹೋದ ಎನ್ವಿರಾನ್‌ಮೆಂಟ್ ವೇರಿಯಬಲ್ ಅದನ್ನು ತಳ್ಳಿಹಾಕುತ್ತಿರುವುದು ಗೊತ್ತಾಗದೆ ದಿನವಿಡೀ ತಲೆಕೆಡಿಸಿಕೊಳ್ಳುವುದು ಈ ವೃತ್ತಿಯಲ್ಲಿ ಮಾಮೂಲು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಸ್ಥಿತಿ.

ಎಲ್ಲರೂ ಒಂದೇ ನಿಯಮ ಪಾಲಿಸುವುದೂ ಇಲ್ಲ. ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್‌ನಲ್ಲಿ ಒಂದೇ ಸೆಟ್ಟಿಂಗ್ ಎರಡು ಬಾರಿ ಬಂದರೆ ಸಾಮಾನ್ಯವಾಗಿ ಕೊನೆಯದು ನಿಲ್ಲುತ್ತದೆ. ದೂರದ ಸರ್ವರಿಗೆ ಸಂಪರ್ಕ ಕಲ್ಪಿಸುವ ಓಪನ್ ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕಿದ್ದೇ ಅಂತಿಮ. ಆದ್ದರಿಂದ ಎಸ್‌ಎಸ್‌ಎಚ್ ಫೈಲಿನಲ್ಲಿ ನಿರ್ದಿಷ್ಟ ಸರ್ವರಿನ ನಿಯಮ ಮೇಲೆ, ಎಲ್ಲಕ್ಕೂ ಅನ್ವಯಿಸುವ ನಕ್ಷತ್ರಚಿಹ್ನೆಯ ನಿಯಮ ಕೆಳಗೆ ಬರಬೇಕು. ಗಿಟ್‌ನ ಅಭ್ಯಾಸದಲ್ಲಿ ಇದನ್ನು ತಿರುವಿ ಬರೆದವರಿಗೆ ದೋಷಸಂದೇಶವೂ ಬರುವುದಿಲ್ಲ. ನಿಯಮ ಸುಮ್ಮನೆ ಕೆಲಸ ಮಾಡುವುದಿಲ್ಲ, ಅಷ್ಟೆ.

ಗಿಟ್‌ನ 2.13ನೇ ಆವೃತ್ತಿಯಲ್ಲಿ (2017) ಬಂದ ಇನ್‌ಕ್ಲೂಡ್‌ಇಫ್ ಈ ಇಡೀ ವಿಷಯಕ್ಕೆ ಚಿಕ್ಕದಾದ, ಚೊಕ್ಕವಾದ ಮಾದರಿ. ಕಚೇರಿಯ ಕೋಡಿಗೂ ಸ್ವಂತದ ಕೋಡಿಗೂ ಒಂದೇ ಲ್ಯಾಪ್‌ಟಾಪ್ ಬಳಸುವವರು ಸ್ವಂತದ ಕಮಿಟ್ಟಿಗೆ ಕಚೇರಿಯ ಇಮೇಲ್ ಅಂಟಿಸಿಬಿಡುವುದುಂಟು. ಇನ್‌ಕ್ಲೂಡ್‌ಇಫ್ ಬಳಸಿ, ರೆಪಾಸಿಟರಿ "ಆಫೀಸು" ಎಂಬ ಡೈರೆಕ್ಟರಿಯ ಕೆಳಗಿದ್ದರೆ ಈ ಹೆಚ್ಚುವರಿ ಫೈಲನ್ನೂ ಓದು ಎಂದು ಬರೆಯಬಹುದು. ಆ ಫೈಲಿನಲ್ಲಿ ಕಚೇರಿಯ ಇಮೇಲ್ ಇರುತ್ತದೆ. 2019ರಲ್ಲಿ ಬ್ರ್ಯಾಂಚಿನ ಹೆಸರನ್ನೂ 2022ರಲ್ಲಿ ದೂರದ ರೆಪಾಸಿಟರಿಯ ವಿಳಾಸವನ್ನೂ ಷರತ್ತಾಗಿ ಬಳಸಲು ಅವಕಾಶವಾಯಿತು. ಇದರ ಮೇಲ್ಮೆ ಇರುವುದು ಸಂಯಮದಲ್ಲಿ. ಬೆರಳೆಣಿಕೆಯ ಷರತ್ತುಗಳು ಮಾತ್ರ, "ಇಲ್ಲದಿದ್ದರೆ" ಎಂಬ ಕವಲಿಲ್ಲ, ಲೆಕ್ಕಾಚಾರವಿಲ್ಲ. ಡೈರೆಕ್ಟರಿಯ ಹೆಸರಿನ ಕೊನೆಯಲ್ಲಿ ಓರೆಗೆರೆ ಬಿಟ್ಟುಹೋದರೆ ಒಳಗಿನ ರೆಪಾಸಿಟರಿಗಳಿಗೆ ನಿಯಮ ತಾಗುವುದಿಲ್ಲ ಎಂಬುದೊಂದು ಕಿರಿಕಿರಿ ಇದೆ, ನಿಜ.

ಭಾಷೆಯ ಆಯ್ಕೆಯೂ ಇದೇ ಬಗೆಯದು. ಲಿನಕ್ಸ್‌ನಲ್ಲಿ ಕನ್ನಡದ ಲೊಕೇಲ್ ಹೆಸರು ಕೆಎನ್_ಐಎನ್. ಲ್ಯಾಂಗ್ ಎಂಬ ವೇರಿಯಬಲ್‌ಗೆ ಅದನ್ನು ಕೊಟ್ಟರೆ ಸಂದೇಶ, ದಿನಾಂಕ, ಅಕಾರಾದಿ ಕ್ರಮ ಎಲ್ಲ ಕನ್ನಡದ ನಿಯಮದಂತೆ ನಡೆಯಬೇಕು. ಆದರೆ ದಿನಾಂಕಕ್ಕೆ ಮಾತ್ರ ಬೇರೆ ವೇರಿಯಬಲ್ ಇದ್ದರೆ ಅದು ಲ್ಯಾಂಗ್ ಅನ್ನು ಮೀರುತ್ತದೆ. ಎಲ್‌ಸಿ_ಆಲ್ ಎಂಬುದೇನಾದರೂ ಇದ್ದರೆ ಅದು ಎಲ್ಲವನ್ನೂ ಮೀರುತ್ತದೆ. ಆಂಡ್ರಾಯ್ಡ್‌ನಲ್ಲಿ ಕನ್ನಡದ ಪಠ್ಯವನ್ನು "ವ್ಯಾಲ್ಯೂಸ್-ಕೆಎನ್" ಎಂಬ ಫೋಲ್ಡರಿನಲ್ಲಿಟ್ಟರೆ ಸಾಕು. ಫೋನಿನ ಭಾಷೆ ಕನ್ನಡವಾಗಿದ್ದಾಗ ವ್ಯವಸ್ಥೆ ತಾನೇ ಅಲ್ಲಿಗೆ ಹೋಗುತ್ತದೆ, ಅಲ್ಲಿ ಸಿಗದ ಸಾಲಿಗೆ ಡಿಫಾಲ್ಟ್ ಫೋಲ್ಡರಿಗೆ ಮರಳುತ್ತದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುವ ಆ್ಯಪ್‌ಗಳು ಕಾಣಸಿಗುವುದಕ್ಕೆ ಈ ಮರಳುವಿಕೆಯೇ ಕಾರಣ: ಅನುವಾದ ಅಲ್ಲಿಗೇ ನಿಂತಿದೆ, ಷರತ್ತು ಮಾತ್ರ ತನ್ನ ಕೆಲಸ ಮಾಡುತ್ತಿದೆ.

ಯಂತ್ರವನ್ನು ಅಳೆಯುವುದು

ಇರುವ ಮೆಮೊರಿ, ಇರುವ ಪ್ರೊಸೆಸರ್ ನೋಡಿ ಸೆಟ್ಟಿಂಗ್ ಆರಿಸುವುದು ಅತಿ ಸಾಮಾನ್ಯ ಬಳಕೆ. ಮೈಎಸ್‌ಕ್ಯೂಎಲ್ 8.0ರಲ್ಲಿ, ಇಡೀ ಯಂತ್ರ ಡೇಟಾಬೇಸಿಗೇ ಮೀಸಲು ಎಂದು ಹೇಳುವ ಒಂದು ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಮೆಮೊರಿ 1 ಜಿಬಿಗಿಂತ ಕಡಿಮೆ ಇದ್ದಾಗ ಬಫರಿಗೆ 128 ಎಂಬಿ, 1ರಿಂದ 4 ಜಿಬಿವರೆಗೆ ಇದ್ದರೆ ಅರ್ಧ, ಅದಕ್ಕೂ ಹೆಚ್ಚಿದ್ದರೆ ಮುಕ್ಕಾಲು ಪಾಲು ಸಲ್ಲುತ್ತದೆ. ಅಕ್ಕಪಕ್ಕದಲ್ಲಿ ಇನ್ನೊಂದು ಸೇವೆಯನ್ನೂ ಓಡಿಸುವವರು ಇದನ್ನು ಮುಟ್ಟಬಾರದು.

ಈ ಬಗೆಯ ಅಳತೆ ಎಲ್ಲಿ ಎಡವುತ್ತದೆ ಎಂಬುದಕ್ಕೆ ಜಾವಾ ಮತ್ತು ಕಂಟೇನರ್‌ಗಳ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಾವಾ ವರ್ಚುವಲ್ ಮಷೀನ್ 2004ರ 5ನೇ ಆವೃತ್ತಿಯಿಂದಲೇ ಯಂತ್ರ ನೋಡಿ ಸೆಟ್ಟಿಂಗ್ ಆರಿಸಿಕೊಳ್ಳುವ ರೂಢಿ ಇಟ್ಟುಕೊಂಡಿದೆ. ಎರಡು ಪ್ರೊಸೆಸರೂ 2 ಜಿಬಿ ಮೆಮೊರಿಯೂ ಇದ್ದರೆ ಅದು "ಸರ್ವರ್ ದರ್ಜೆಯ ಯಂತ್ರ" ಎಂದು ಆಗಿನ ಲೆಕ್ಕ. ಹೀಪ್‌ನ (ಪ್ರೋಗ್ರಾಮಿನ ದತ್ತಾಂಶ ಕೂರುವ ಮೆಮೊರಿಯ) ಗರಿಷ್ಠ ಗಾತ್ರ ಬೇರೆ ಹೇಳದಿದ್ದರೆ ಒಟ್ಟು ಮೆಮೊರಿಯ ಕಾಲು ಭಾಗ. ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಕಟ್ಟಿಟ್ಟು ಓಡಿಸುವ ಕಂಟೇನರ್ ಬಂದ ಮೇಲೆ ಒಂದೇ ದೊಡ್ಡ ಯಂತ್ರದಲ್ಲಿ ಹತ್ತಾರು ಪ್ರೋಗ್ರಾಮುಗಳು, ಒಂದೊಂದಕ್ಕೆ ಒಂದೊಂದು ಮಿತಿ. ಮಿತಿ ಹೇರುವುದು ಲಿನಕ್ಸ್‌ನ ಸಿಗ್ರೂಪ್; ಆದರೆ ಮೆಮೊರಿ ಎಷ್ಟಿದೆ ಎಂದು ಹಳೆಯ ದಾರಿಯಲ್ಲಿ ಕೇಳಿದರೆ ಕರ್ನಲ್ ಇಡೀ ಯಂತ್ರದ ಲೆಕ್ಕವನ್ನೇ ಕೊಡುತ್ತದೆ. 64 ಜಿಬಿಯ ಯಂತ್ರದಲ್ಲಿ 2 ಜಿಬಿ ಮಿತಿಯ ಕಂಟೇನರಿನೊಳಗೆ ಕೂತ ಜಾವಾ, ತನಗೆ 16 ಜಿಬಿವರೆಗೆ ಹರಡಿಕೊಳ್ಳಬಹುದೆಂದು ಭಾವಿಸುತ್ತದೆ. ಕಸ ಗುಡಿಸುವ, ಅಂದರೆ ಬೇಡವಾದ ಮೆಮೊರಿಯನ್ನು ಬಿಡಿಸುವ, ಆತುರ ಅದಕ್ಕಿಲ್ಲ. 2 ಜಿಬಿ ದಾಟಿದ ಕೂಡಲೇ ಕರ್ನಲ್ ಅದನ್ನು ಕೊಲ್ಲುತ್ತದೆ. ಜಾವಾದ ಲಾಗ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ, ಮುಕ್ತಾಯದ ಸಂಕೇತ 137 ಮಾತ್ರ ಉಳಿಯುತ್ತದೆ. 2018ರ ಮಾರ್ಚ್‌ನಲ್ಲಿ ಬಂದ ಜೆಡಿಕೆ 10 ಸಿಗ್ರೂಪ್‌ನ ಮಿತಿಯನ್ನು ತಾನಾಗಿ ಓದುವಂತಾಯಿತು. ಅದೇ ವರ್ಷ ಈ ತಿದ್ದುಪಡಿಯನ್ನು ಹಳೆಯ 8ನೇ ಆವೃತ್ತಿಗೂ ಒದಗಿಸಿದರು.

ಅಲ್ಲಿಗೂ ಮುಗಿಯಲಿಲ್ಲ. ಮಿತಿಯನ್ನು ಸರಿಯಾಗಿ ಓದುವ ಜಾವಾ, ಪ್ರೊಸೆಸರ್ ಎರಡಕ್ಕಿಂತ ಕಡಿಮೆ ಅಥವಾ ಮೆಮೊರಿ ಸುಮಾರು 1,792 ಎಂಬಿಗಿಂತ ಕಡಿಮೆ ಎಂದು ಕಂಡರೆ ಜಿ1 ಎಂಬ ಕಸ ಸಂಗ್ರಾಹಕವನ್ನು ಬಿಟ್ಟು ಹಳೆಯ ಸೀರಿಯಲ್ ಸಂಗ್ರಾಹಕವನ್ನು ಆರಿಸಿಕೊಳ್ಳುತ್ತಿತ್ತು. ಖರ್ಚು ಉಳಿಸಲೆಂದು ಕಂಟೇನರಿನ ಪಾಲನ್ನು ಎರಡು ಪ್ರೊಸೆಸರಿನಿಂದ ಒಂದಕ್ಕೆ ಇಳಿಸಿದವರು ವೇಗ ಅರ್ಧವಾಗಬಹುದು ಎಂದು ಎಣಿಸಿರುತ್ತಾರೆ. ಪ್ರೋಗ್ರಾಮಿನ ವರ್ತನೆಯೇ ಬದಲಾಗುತ್ತದೆ ಎಂದು ಎಣಿಸಿರುವುದಿಲ್ಲ. ಗೋ ಭಾಷೆಯೂ ಇದೇ ಹಾದಿ ತುಳಿಯಿತು. 2015ರ 1.5ನೇ ಆವೃತ್ತಿಯಿಂದ ಏಕಕಾಲದಲ್ಲಿ ಓಡುವ ಎಳೆಗಳ ಮಿತಿ ಯಂತ್ರದ ಪ್ರೊಸೆಸರುಗಳಷ್ಟೇ ಎಂದಾಯಿತು; ಸಿಗ್ರೂಪ್‌ನ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು 2025ರ 1.25ನೇ ಆವೃತ್ತಿ ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಹಲವರು ಊಬರ್ ಕಂಪನಿ ಬರೆದ ಒಂದು ಪುಟ್ಟ ಲೈಬ್ರರಿಯಿಂದ ಕೆಲಸ ಸಾಗಿಸಿದರು.

ಫೀಚರ್ ಫ್ಲ್ಯಾಗ್

ಹೊಸ ಕೋಡನ್ನು ಮುಚ್ಚಿದ ಸ್ಥಿತಿಯಲ್ಲೇ ಸರ್ವರಿಗೆ ಕಳಿಸಿ, ಆಮೇಲೆ ಬೇಕಾದವರಿಗೆ ಬೇಕಾದಾಗ ತೆರೆಯುವ ಸ್ವಿಚ್ಚು ಇದು. ಫೋಟೋ ತಾಣ ಫ್ಲಿಕರ್‌ನ ಎಂಜಿನಿಯರುಗಳು 2009ರಲ್ಲಿ ಈ ಪದ್ಧತಿಯನ್ನು ಸಾರ್ವಜನಿಕವಾಗಿ ವಿವರಿಸಿದ ಮೇಲೆ ಅದು ಹಬ್ಬಿತು. ಫೇಸ್‌ಬುಕ್ಕಿನ ಗೇಟ್‌ಕೀಪರ್ ಎಂಬ ವ್ಯವಸ್ಥೆ ಬಳಕೆದಾರರ ದೇಶ, ಸಾಧನ, ಶೇಕಡಾವಾರು ಪಾಲು ಮುಂತಾದ ಷರತ್ತುಗಳನ್ನು ಪ್ರತಿ ಕೋರಿಕೆಗೂ ಪರೀಕ್ಷಿಸುತ್ತದೆಂದು ಆ ಕಂಪನಿಯವರೇ 2015ರ ಪ್ರಬಂಧವೊಂದರಲ್ಲಿ ಬರೆದಿದ್ದಾರೆ. ನೂರಕ್ಕೆ ಒಬ್ಬರಿಗೆ ಮಾತ್ರ ತೋರಿಸಬೇಕೆಂದರೆ ಬಳಕೆದಾರರ ಗುರುತಿನ ಸಂಖ್ಯೆಯನ್ನು ಹ್ಯಾಶ್ ಮಾಡಿ ನೂರು ಪಾಲಿನಲ್ಲಿ ಒಂದಕ್ಕೆ ಹಾಕುತ್ತಾರೆ. ಹಾಗಾಗಿ ಅದೇ ವ್ಯಕ್ತಿಗೆ ಪ್ರತಿ ಸಲವೂ ಅದೇ ಉತ್ತರ ಸಿಗುತ್ತದೆ, ಪಾಲು ಹೆಚ್ಚಿಸಿದಾಗ ಹಳಬರು ಹೊರಗೆ ಬೀಳುವುದಿಲ್ಲ.

ಹಳೆಯ ಫ್ಲ್ಯಾಗುಗಳನ್ನು ಕಿತ್ತುಹಾಕದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಪ್ರಕರಣವನ್ನು ಎಲ್ಲರೂ ಉದಾಹರಿಸುತ್ತಾರೆ, ಉದಾಹರಿಸಬೇಕಾದದ್ದೇ. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯ ಹೊಸ ಯೋಜನೆಯೊಂದು ಶುರುವಾಗುವುದಿತ್ತು. ಅದಕ್ಕಾಗಿ ಬರೆದ ಕೋಡಿಗೆ ಹೊಸ ಫ್ಲ್ಯಾಗ್ ಮಾಡುವ ಬದಲು, ಪವರ್ ಪೆಗ್ ಎಂಬ ಹಳೆಯ ಸೌಲಭ್ಯದ ಫ್ಲ್ಯಾಗನ್ನೇ ಮರುಬಳಕೆ ಮಾಡಿದರು. ಪವರ್ ಪೆಗ್ 2003ರಿಂದಲೇ ಬಳಕೆಯಲ್ಲಿರಲಿಲ್ಲ, ಆದರೆ ಅದರ ಕೋಡು ಸರ್ವರುಗಳಲ್ಲಿ ಹಾಗೆಯೇ ಕೂತಿತ್ತು. ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಕೋಡು ತಲುಪಲಿಲ್ಲ. ಬೆಳಿಗ್ಗೆ ಫ್ಲ್ಯಾಗ್ ಆನ್ ಆದಾಗ ಏಳು ಸರ್ವರುಗಳು ಹೊಸದನ್ನು ಓಡಿಸಿದವು, ಎಂಟನೆಯದು ಪವರ್ ಪೆಗ್ ಅನ್ನು ಎಬ್ಬಿಸಿತು. ಅದು ಆರ್ಡರ್ ಮೇಲೆ ಆರ್ಡರ್ ಕಳಿಸತೊಡಗಿತು. ಗಾಬರಿಯಲ್ಲಿ ಉಳಿದ ಏಳರಿಂದ ಹೊಸ ಕೋಡನ್ನು ತೆಗೆದರು. ಫ್ಲ್ಯಾಗ್ ಆನ್ ಆಗಿಯೇ ಇದ್ದುದರಿಂದ ಅವೂ ಹಳೆಯ ಕೋಡಿಗೆ ಇಳಿದವು. 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2013ರ ಅಕ್ಟೋಬರಿನಲ್ಲಿ 1.2 ಕೋಟಿ ಡಾಲರ್ ದಂಡ ವಿಧಿಸಿತು.

ಫ್ಲ್ಯಾಗುಗಳ ಇನ್ನೊಂದು ಭಾರ ಲೆಕ್ಕದ್ದು. ಹತ್ತು ಫ್ಲ್ಯಾಗುಗಳಿದ್ದರೆ 1,024 ಸಂಯೋಜನೆಗಳು, ಇಪ್ಪತ್ತಿದ್ದರೆ ಹತ್ತು ಲಕ್ಷ ದಾಟುತ್ತವೆ. ಇವನ್ನೆಲ್ಲ ಪರೀಕ್ಷಿಸುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಫ್ಲ್ಯಾಗಿಗೆ ಹುಟ್ಟಿದ ದಿನವೇ ಸಾಯುವ ದಿನವನ್ನೂ ಬರೆದಿಡುವ ಪದ್ಧತಿ ಕೆಲವು ಕಡೆ ಇದೆ. ಪಾಲನೆ ಅಪರೂಪ.

ತಾನೇ ತಿದ್ದಿಕೊಳ್ಳುವುದು

ಫಲಿತಾಂಶ ನೋಡಿ ಮೌಲ್ಯವನ್ನು ಮತ್ತೆ ಮತ್ತೆ ತಿದ್ದಿಕೊಳ್ಳುವುದು ಇದರ ಮುಂದಿನ ಹಂತ. ವ್ಯಾನ್ ಜೇಕಬ್‌ಸನ್ 1988ರಲ್ಲಿ ವಿವರಿಸಿದ ಟಿಸಿಪಿ ದಟ್ಟಣೆ ನಿಯಂತ್ರಣ ಇದಕ್ಕೆ ಅತಿ ಯಶಸ್ವಿ ನಿದರ್ಶನ: ಪ್ಯಾಕೆಟ್ ಕಳೆದುಹೋದರೆ ಕಳಿಸುವ ವೇಗ ತಗ್ಗಿಸು, ಸರಾಗವಾಗಿ ಹೋಗುತ್ತಿದ್ದರೆ ನಿಧಾನಕ್ಕೆ ಏರಿಸು. ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಮಿನಲ್ಲಿ ಯಂತ್ರದ ಹೊರೆ ಒಂದು ಮಟ್ಟ ದಾಟಿದರೆ ಪತ್ರಗಳನ್ನು ಸರದಿಯಲ್ಲಿ ನಿಲ್ಲಿಸುವ, ಇನ್ನೊಂದು ಮಟ್ಟ ದಾಟಿದರೆ ಹೊಸ ಸಂಪರ್ಕಗಳನ್ನೇ ನಿರಾಕರಿಸುವ ಸೆಟ್ಟಿಂಗುಗಳಿವೆ. 2001ರಲ್ಲಿ ಐಬಿಎಂನ ಪಾಲ್ ಹಾರ್ನ್ ತಮ್ಮನ್ನು ತಾವೇ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆಗಳ ಕಲ್ಪನೆಯನ್ನು ಮುಂದಿಟ್ಟರು. ಗಮನಿಸು, ವಿಶ್ಲೇಷಿಸು, ಯೋಜಿಸು, ಜಾರಿಮಾಡು ಎಂಬ ಅದರ ಚಕ್ರ 2003ರ ಪ್ರಬಂಧವೊಂದರ ಮೂಲಕ ಪಠ್ಯಪುಸ್ತಕಗಳಿಗೂ ಬಂತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಟರ್‌ಟ್ಯೂನ್ (2017) ಡೇಟಾಬೇಸಿನ ನೂರಾರು ಗುಂಡಿಗಳನ್ನು ಯಂತ್ರಕಲಿಕೆಯಿಂದ ತಿರುಗಿಸಲು ಹೊರಟ ಪ್ರಯತ್ನ.

ಇಲ್ಲಿನ ಅಪಾಯ ಹೊಯ್ದಾಟ. ಹೊರೆ ಹೆಚ್ಚಿತೆಂದು ಸರ್ವರ್ ಸೇರಿಸಿದರೆ ಹೊರೆ ಇಳಿಯುತ್ತದೆ. ಇಳಿಯಿತೆಂದು ತೆಗೆದರೆ ಮತ್ತೆ ಏರುತ್ತದೆ. ಅದಕ್ಕೇ ಕಂಟೇನರುಗಳನ್ನು ನಿರ್ವಹಿಸುವ ಕ್ಯೂಬರ್ನೆಟೀಸ್ ಇಳಿಸುವ ನಿರ್ಧಾರಕ್ಕೆ ಮೊದಲು ಡಿಫಾಲ್ಟಾಗಿ ಐದು ನಿಮಿಷಗಳ ಇತಿಹಾಸ ನೋಡುತ್ತದೆ. ಏರಿಸಲು ಅಂಥ ತಡೆ ಇಲ್ಲ. ಕ್ಯೂಬರ್ನೆಟೀಸ್‌ನಲ್ಲೇ ಮತ್ತೊಂದು ಸೂಕ್ಷ್ಮವಿದೆ. ಕಾನ್ಫಿಗ್‌ಮ್ಯಾಪ್ ಎಂಬ ಸೆಟ್ಟಿಂಗ್ ಕಟ್ಟನ್ನು ಫೈಲಿನ ರೂಪದಲ್ಲಿ ಕಂಟೇನರಿಗೆ ಕೊಟ್ಟರೆ, ಮೂಲ ಬದಲಾದ ಸ್ವಲ್ಪ ಹೊತ್ತಿನಲ್ಲಿ ಫೈಲೂ ಬದಲಾಗುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ರೂಪದಲ್ಲಿ ಕೊಟ್ಟರೆ ಮತ್ತೆ ಶುರು ಮಾಡುವವರೆಗೂ ಹಳೆಯ ಮೌಲ್ಯವೇ ಇರುತ್ತದೆ. ಎರಡನ್ನೂ ಬೆರೆಸಿ ಬಳಸಿದ ಪ್ರೋಗ್ರಾಂ ಅರ್ಧ ಹಳತು, ಅರ್ಧ ಹೊಸತು.

ಉತ್ತರ ಸಿಗದ ಷರತ್ತು

ಷರತ್ತಿಗೆ ಹೌದು, ಅಲ್ಲ ಎಂಬ ಎರಡೇ ಉತ್ತರ ಎಂದು ಬರೆಯುವವರು ನಂಬಿರುತ್ತಾರೆ. "ಗೊತ್ತಿಲ್ಲ" ಎಂಬ ಮೂರನೆಯದೊಂದಿದೆ, ಅದನ್ನು ಸಾಮಾನ್ಯವಾಗಿ ಮೊದಲೆರಡರಲ್ಲಿ ಒಂದಕ್ಕೆ ತುರುಕಲಾಗಿರುತ್ತದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿ ಈ ವಿಷಯದಲ್ಲಿ ಒಂದು ಭೇದ ಕಾಣಿಸುತ್ತದೆ: "ಕಂಡಿಷನ್" ಸುಳ್ಳಾದರೆ ಸೇವೆಯನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, "ಅಸರ್ಟ್" ಸುಳ್ಳಾದರೆ ದೋಷವೆಂದು ಕೂಗುತ್ತದೆ. ಎಲ್ಲರೂ ಇಷ್ಟು ಯೋಚಿಸಿರುವುದಿಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾದವು. ನಿರ್ವಹಣೆಗೆಂದು ಕೊಟ್ಟ ಆದೇಶವೊಂದು ಡೇಟಾ ಕೇಂದ್ರಗಳ ನಡುವಿನ ಬೆನ್ನೆಲುಬು ಜಾಲವನ್ನೇ ಬೀಳಿಸಿತು. ಅಂಥ ಆದೇಶವನ್ನು ತಡೆಯಬೇಕಿದ್ದ ಪರೀಕ್ಷಕ ಸಾಧನದಲ್ಲೂ ದೋಷವಿತ್ತು. ಆಮೇಲಿನದು ಮುಖ್ಯ. ತಾಣದ ಹೆಸರಿಗೆ ವಿಳಾಸ ಹೇಳುವ ಕಂಪನಿಯ ಡಿಎನ್‌ಎಸ್ ಸರ್ವರುಗಳಿಗೆ ಒಂದು ಷರತ್ತು ಹಾಕಿತ್ತು: ಡೇಟಾ ಕೇಂದ್ರವನ್ನು ಮಾತಾಡಿಸಲು ಆಗದಿದ್ದರೆ ತನ್ನ ಸಂಪರ್ಕ ಕೆಟ್ಟಿದೆ ಎಂದು ತಿಳಿದು, ಅಂತರ್ಜಾಲಕ್ಕೆ ತನ್ನ ದಾರಿ ಹೇಳುವುದನ್ನು ನಿಲ್ಲಿಸು. ಒಂದು ಸರ್ವರ್ ಕೆಟ್ಟಾಗ ಇದು ಜಾಣ ನಿಯಮ. ಅಂದು ಎಲ್ಲ ಸರ್ವರುಗಳಿಗೂ ಏಕಕಾಲಕ್ಕೆ ಹಾಗೆ ಕಂಡಿತು, ಎಲ್ಲವೂ ಹಿಂದೆ ಸರಿದವು. ಆರೋಗ್ಯವಾಗಿಯೇ ಇದ್ದ ಡಿಎನ್‌ಎಸ್ ಯಾರಿಗೂ ಸಿಗದೆ ಹೋಯಿತು.

2025ರಲ್ಲಿ ಇಂಥವು ಒಂದರ ಹಿಂದೊಂದು ನಡೆದವು. ಜೂನ್ 12ರಂದು ಗೂಗಲ್ ಕ್ಲೌಡ್‌ನಲ್ಲಿ ಖಾಲಿ ಅಂಕಣಗಳಿದ್ದ ಒಂದು ನೀತಿದಾಖಲೆ ಕೆಲವೇ ಸೆಕೆಂಡುಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಖಾಲಿ ಎಂಬ ಸಾಧ್ಯತೆಯನ್ನೇ ಎಣಿಸದ ಕೋಡು ಎಲ್ಲೆಡೆ ಕುಸಿಯಿತು. ಆ ಕೋಡಿಗೆ ಫೀಚರ್ ಫ್ಲ್ಯಾಗಿನ ರಕ್ಷಣೆ ಇರಲಿಲ್ಲವೆಂದು ಗೂಗಲ್ ತಾನೇ ಹೇಳಿತು. ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಸರದಿ. ಬಾಟ್‌ಗಳನ್ನು ಗುರುತಿಸುವ ವ್ಯವಸ್ಥೆಗೆ ಐದು ನಿಮಿಷಕ್ಕೊಮ್ಮೆ ತಾನಾಗಿ ತಯಾರಾಗುವ ಒಂದು ಸೆಟ್ಟಿಂಗ್ ಫೈಲಿದೆ. ಡೇಟಾಬೇಸಿನ ಅನುಮತಿ ಬದಲಾದ್ದರಿಂದ ಅದರಲ್ಲಿ ಲಕ್ಷಣಗಳ ಸಾಲುಗಳು ಇಮ್ಮಡಿಗಿಂತ ಹೆಚ್ಚಾಗಿ ಬಂದವು. ಓದುವ ಪ್ರೋಗ್ರಾಮಿನಲ್ಲಿ 200 ಲಕ್ಷಣಗಳ ಮಿತಿ ಇತ್ತು. ಮಾಮೂಲಿನ ಬಳಕೆ ಸುಮಾರು 60. ಮಿತಿ ಮೀರಿದಾಗ ಏನು ಮಾಡಬೇಕೆಂದು ಬರೆದಿರಲಿಲ್ಲವಾದ್ದರಿಂದ ಪ್ರೋಗ್ರಾಂ ಬಿದ್ದಿತು. ಅನುಮತಿಯ ಬದಲಾವಣೆ ಡೇಟಾಬೇಸಿನ ಎಲ್ಲ ಭಾಗಗಳಿಗೂ ಇನ್ನೂ ತಲುಪಿರಲಿಲ್ಲ. ಹೀಗಾಗಿ ಒಮ್ಮೆ ಒಳ್ಳೆಯ ಫೈಲು, ಒಮ್ಮೆ ಕೆಟ್ಟ ಫೈಲು ಹುಟ್ಟುತ್ತ, ಸೇವೆ ಎದ್ದು ಬಿದ್ದು ಮಾಡುತ್ತಿತ್ತು. ಹೊರಗಿನ ದಾಳಿಯಿರಬೇಕೆಂದು ಅವರು ಮೊದಲು ಶಂಕಿಸಿದ್ದು ಸಹಜವೇ. ಕೊನೆಗೆ, ಹಿಂದಿನ ಸರಿಯಾದ ಫೈಲನ್ನು ಕೈಯಾರೆ ಒಳಸೇರಿಸಿ ಸರಿಪಡಿಸಿದರು. ಹೊಸ ಮೌಲ್ಯ ಅರ್ಥವಾಗದಿದ್ದರೆ ಹಿಂದೆ ಕೆಲಸ ಮಾಡಿದ್ದ ಮೌಲ್ಯವನ್ನೇ ಹಿಡಿದುಕೊಳ್ಳುವ ನಡವಳಿಕೆ ಕೋಡಿನಲ್ಲೇ ಇದ್ದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ.

ದುರ್ಬಳಕೆ

ಷರತ್ತಿಗೆ ಬೇಕಾದ ಮಾಹಿತಿ ಹೊರಗಿನಿಂದ ಬರುವುದಾದರೆ ಅದನ್ನು ಕಳಿಸುವವರ ಮೇಲೆ ಹಿಡಿತವಿಲ್ಲ. ಜಾವಾದ ಲಾಗ್‌ಫೋರ್‌ಜೆ ಲೈಬ್ರರಿಯಲ್ಲಿ ಡಾಲರ್ ಚಿಹ್ನೆಯ ಮುಂದೆ ಪುಷ್ಪಾವರಣದೊಳಗೆ ಹೆಸರು ಬರೆದರೆ, ಓಡುವ ಹೊತ್ತಿನಲ್ಲಿ ಅದರ ಜಾಗಕ್ಕೆ ಎನ್ವಿರಾನ್‌ಮೆಂಟಿನ ಮೌಲ್ಯವೋ ಇನ್ನೇನೋ ಬಂದು ಕೂರುವ ಅನುಕೂಲವಿತ್ತು. ಸೆಟ್ಟಿಂಗ್ ಫೈಲಿನಲ್ಲಿ ಒಪ್ಪುವ ಈ ಅನುಕೂಲ ಲಾಗ್ ಸಂದೇಶಗಳಿಗೂ ಅನ್ವಯವಾಗುತ್ತಿತ್ತು. ಸಂದೇಶದೊಳಗೆ ಬಳಕೆದಾರರು ಟೈಪಿಸಿದ ಪಠ್ಯವಿರುತ್ತದೆ. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷಕ್ಕೆ ಹತ್ತಕ್ಕೆ ಹತ್ತು ತೀವ್ರತೆಯ ಅಂಕ ಸಿಕ್ಕಿತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಬರೆದು ಸರ್ವರನ್ನು ವಶಪಡಿಸಿಕೊಳ್ಳಬಹುದಿತ್ತು. 2014ರ ಶೆಲ್‌ಶಾಕ್ ದೋಷದಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಲೇ ದಾಳಿಯ ಬಾಗಿಲಾಗಿತ್ತು.

ಬರೆದವರೇ ಮೋಸಕ್ಕಿಳಿದ ಪ್ರಕರಣ ಫೋಕ್ಸ್‌ವ್ಯಾಗನ್‌ನದು. ಕಂಪನಿಯ ಡೀಸೆಲ್ ಕಾರುಗಳ ಎಂಜಿನ್ ನಿಯಂತ್ರಕದಲ್ಲಿ ಎರಡು ಸೆಟ್ಟಿಂಗ್ ಗುಂಪುಗಳಿದ್ದವು. ಸ್ಟಿಯರಿಂಗ್ ಚಕ್ರದ ಸ್ಥಾನ, ವೇಗ, ಎಂಜಿನ್ ಓಡಿದ ಅವಧಿ, ವಾಯುಭಾರ ಇವನ್ನು ನೋಡಿ ಕಾರು ಪ್ರಯೋಗಾಲಯದ ಉರುಳೆಗಳ ಮೇಲಿದೆಯೋ ರಸ್ತೆಯಲ್ಲಿದೆಯೋ ಎಂದು ಅದು ಊಹಿಸುತ್ತಿತ್ತು. ಪರೀಕ್ಷೆಯಲ್ಲಿ ಹೊಗೆ ನಿಯಮದೊಳಗೆ, ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರ್ 18ರಂದು ನೋಟಿಸು ಹೊರಡಿಸಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಈ ತಂತ್ರಾಂಶ ಇತ್ತೆಂದು ಕಂಪನಿ ಒಪ್ಪಿಕೊಂಡಿತು. ತಾಂತ್ರಿಕವಾಗಿ ನೋಡಿದರೆ ಗಿಟ್‌ನ ಇನ್‌ಕ್ಲೂಡ್‌ಇಫ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ: ಸನ್ನಿವೇಶ ಗುರುತಿಸು, ತಕ್ಕ ಗುಂಪನ್ನು ಓದು.

ಬರೆಯುವ ಭಾಷೆ

ಷರತ್ತುಗಳು ಹೆಚ್ಚಿದಂತೆ ಸೆಟ್ಟಿಂಗ್ ಫೈಲು ತಾನೇ ಒಂದು ಪ್ರೋಗ್ರಾಂ ಆಗುತ್ತ ಹೋಗುತ್ತದೆ. ಗಟ್ಟಿ ಮಾಡಿದ ಮೌಲ್ಯದಿಂದ ಸೆಟ್ಟಿಂಗ್ ಫೈಲಿಗೆ, ಅಲ್ಲಿಂದ ನಿಯಮಗಳ ಎಂಜಿನ್ನಿಗೆ, ಅಲ್ಲಿಂದ ಸ್ವಂತ ಭಾಷೆಗೆ ಹೋಗಿ, ಆ ಭಾಷೆಯಲ್ಲಿ ಮತ್ತೆ ಮೌಲ್ಯಗಳನ್ನು ಗಟ್ಟಿ ಮಾಡುವಲ್ಲಿಗೆ ಬಂದು ನಿಲ್ಲುವ ಈ ಸುತ್ತನ್ನು ಮೈಕ್ ಹ್ಯಾಡ್ಲೋ 2012ರಲ್ಲಿ ಗಡಿಯಾರವಾಗಿ ಚಿತ್ರಿಸಿದ್ದಾರೆ. ಇಮ್ಯಾಕ್ಸ್ ಎಡಿಟರು ಇದು ಪ್ರೋಗ್ರಾಂ ಅಲ್ಲವೆಂಬ ಮುಸುಕನ್ನೇ ಹಾಕಿಕೊಂಡಿಲ್ಲ. ಅದರ ಸೆಟ್ಟಿಂಗ್ ಫೈಲೇ ಒಂದು ಲಿಸ್ಪ್ ಪ್ರೋಗ್ರಾಂ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಇನ್ನೊಂದು ತುದಿ. ಅದರ ಫೈಲಿನಲ್ಲಿ "ಇಫ್" ಇದೆ, ಆದರೆ ಲೊಕೇಶನ್ ವಿಭಾಗದೊಳಗೆ ಬಳಸಿದಾಗ ಅದು ಅನಿರೀಕ್ಷಿತವಾಗಿ ವರ್ತಿಸುವುದರಿಂದ ಆ ಯೋಜನೆಯವರೇ "ಇಫ್ ಕೆಟ್ಟದ್ದು" ಎಂಬ ತಲೆಬರಹದಲ್ಲಿ ಎಚ್ಚರಿಕೆ ಪ್ರಕಟಿಸಿದ್ದಾರೆ. ಅದರ ಬದಲು "ಮ್ಯಾಪ್" ಬಳಸುವುದು ವಾಡಿಕೆ: ಈ ಮೌಲ್ಯಕ್ಕೆ ಆ ಮೌಲ್ಯ ಎಂಬ ಕೋಷ್ಟಕ, ಅದರಲ್ಲಿ ಡಿಫಾಲ್ಟಿಗೂ ಒಂದು ಸಾಲು. ಓದುವವರಿಗೆ ಒಂದೇ ನೋಟಕ್ಕೆ ಎಲ್ಲ ಸಾಧ್ಯತೆಗಳೂ ಕಾಣುತ್ತವೆ. ಜೆಸಾನೆಟ್, ಕ್ಯೂ, ಡಾಲ್, ಆ್ಯಪಲ್ ಕಂಪನಿ 2024ರಲ್ಲಿ ಬಿಟ್ಟ ಪಿಕಲ್ ಮೊದಲಾದ ಸಂರಚನಾ ಭಾಷೆಗಳು ನಡುದಾರಿಯಲ್ಲಿವೆ. ಇವುಗಳಲ್ಲಿ ಡಾಲ್, ಪ್ರೋಗ್ರಾಂ ಎಂದೂ ಮುಗಿಯದೆ ಸುತ್ತುವ ಸಾಧ್ಯತೆಯನ್ನೇ ಭಾಷೆಯಿಂದ ತೆಗೆದುಹಾಕಿದೆ.

ಜಾರಿಯಲ್ಲಿರುವ ಮೌಲ್ಯ

ಕೊನೆಗೆ ಯಾವ ಮೌಲ್ಯ ನಿಂತಿದೆ ಎಂದು ಕೇಳುವ ಸೌಕರ್ಯ ಒಳ್ಳೆಯ ಸಾಫ್ಟ್‌ವೇರಿನಲ್ಲಿ ಇದ್ದೇ ಇರುತ್ತದೆ, ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಎಸ್‌ಎಸ್‌ಎಚ್‌ಗೆ "-ಜಿ" ಎಂಬ ಆಯ್ಕೆ ಕೊಟ್ಟು ಸರ್ವರಿನ ಹೆಸರು ಹೇಳಿದರೆ ಅದು ಸಂಪರ್ಕಕ್ಕೆ ಹೋಗದೆ, ಎಲ್ಲ ಷರತ್ತುಗಳನ್ನೂ ಬಿಡಿಸಿದ ನಂತರದ ಸೆಟ್ಟಿಂಗುಗಳನ್ನು ಮುದ್ರಿಸುತ್ತದೆ. ಎಂಜಿನ್‌ಎಕ್ಸ್‌ನ "-ಟಿ" (ದೊಡ್ಡಕ್ಷರ) ಒಳಸೇರಿಸಿದ ಎಲ್ಲ ಫೈಲುಗಳನ್ನು ಒಟ್ಟಿಗೆ ತೋರಿಸುತ್ತದೆ. ಗಿಟ್‌ನ "ಶೋ-ಆರಿಜಿನ್" ಪ್ರತಿ ಮೌಲ್ಯದ ಪಕ್ಕದಲ್ಲಿ ಅದು ಯಾವ ಫೈಲಿನಿಂದ ಬಂತೆಂದು ಬರೆಯುತ್ತದೆ. ಪೋಸ್ಟ್‌ಗ್ರೆಸ್‌ನ ಸೆಟ್ಟಿಂಗ್ ಕೋಷ್ಟಕದಲ್ಲಿ ಫೈಲಿನ ಹೆಸರಷ್ಟೇ ಅಲ್ಲ, ಸಾಲಿನ ಸಂಖ್ಯೆಯೂ ಇರುತ್ತದೆ. ಫೈಲಿನಲ್ಲಿ ಮೌಲ್ಯ ಬದಲಾಗಿದೆ, ಆದರೆ ರೀಸ್ಟಾರ್ಟ್ ಆಗದೆ ಇನ್ನೂ ಜಾರಿಗೆ ಬಂದಿಲ್ಲ ಎಂಬುದನ್ನು ತಿಳಿಸಲು 9.5ನೇ ಆವೃತ್ತಿಯಿಂದ ಅದರಲ್ಲಿ ಪ್ರತ್ಯೇಕ ಅಂಕಣವೊಂದಿದೆ.